ಹುಟ್ಟಿಗೆ ದವಡೆ ಕೊಟ್ಟು

ಮೇ ತಿಂಗಳು. ಸೂರ್ಯ ಮುಳುಗುವುದನ್ನೇ ಬಿಟ್ಟು
ಎರಡು ವಾರವಾಯಿತು.
ಮೂರನೇ ತರಗತಿಯ ಹನ್ನೊಂದು ಮಕ್ಕಳು
ಯಾವುದು ರಾತ್ರಿಯೆಂದು ತಿಳಿಯದೆ
ಆಕಳಿಸುತ್ತಲೇ ಬರುತ್ತಾರೆ ಬೆಳಗಿನ ಪಾಠಕ್ಕೆ,
ಅಲಾಸ್ಕದ ಈ ಕಟ್ಟಕಡೆಯ ದಂಡೆಯಲ್ಲಿ.
ಇವತ್ತಿನ ಪಾಠ: ಸದ್ದು.

ಫೇರ್‌ಬ್ಯಾಂಕ್ಸಿನಿಂದ ಬಂದ ಪೆಟ್ಟಿಗೆಯಲ್ಲಿ
ಉದ್ದನೆಯ ಒಂದು ಸ್ಪ್ರಿಂಗು, ಒಂದು ಶ್ರುತಿಕವೆ,
ಬಾವಲಿ, ಮಿಡತೆ, ಆನೆಗಳ ಬಣ್ಣದ ಪಟ.
ಆನೆ ಕಾಲೂರಿ ನಿಂತು ದೂರದ ಆನೆಯ ಗುಡುಗನ್ನು
ನೆಲದಿಂದಲೇ ಕೇಳುತ್ತದಂತೆ.
"ಆನೆ ಎಷ್ಟು ದೊಡ್ಡದು?" ಡಾರ್ಕಸ್ ಕೇಳಿದಳು.
"ತಿಮಿಂಗಿಲಕ್ಕಿಂತ ಚಿಕ್ಕದು" ಅಂದೆ.
ಅಲ್ಲಿಗೆ ಆನೆಯ ಮೇಲಿನ ಆಸೆ ಮುಗಿಯಿತು.

ಸಾಲಾಗಿ ನಿಲ್ಲಿಸಿದೆ, ಭುಜಕ್ಕೆ ಭುಜ ತಾಗಿಸಿ.
ತುದಿಯವಳನ್ನು ಮೆಲ್ಲಗೆ ನೂಕಿದೆ.
ನೂಕು ಹೋಯಿತು, ಮಕ್ಕಳು ಹೋಗಲಿಲ್ಲ.
"ಗಾಳಿಯೂ ಹೀಗೇ, ನೋಡಿ,
ನಿಂತಲ್ಲೇ ನಿಂತು
ಸುದ್ದಿಯನ್ನಷ್ಟೇ ದಾಟಿಸುತ್ತದೆ."
ಹನ್ನೊಂದನೆಯವನು ಸುವ್ಲು.
ನೂಕು ತಲುಪಿದಾಗ ಬೆಚ್ಚಿ ನನ್ನ ಕಡೆ ನೋಡಿದ.
ನಾನು ಹೇಳಿದ್ದೊಂದೂ ಅವನಿಗೆ ತಲುಪಿರಲಿಲ್ಲ.

ಹುಟ್ಟಿದ ವರ್ಷದಿಂದ ಕಿವಿ ಸೋರುತ್ತದೆ ಅವನಿಗೆ.
ಮಂಜು ಕವಿದು ಡಾಕ್ಟರ ವಿಮಾನ ಇಳಿಯದ ತಿಂಗಳುಗಳು,
ಹತ್ತಿ, ಹನಿಮದ್ದು, ಮತ್ತೆ ಹತ್ತಿ.
ಕೊನೆಯ ಬೆಂಚು. ತುಟಿ ನೋಡಿ ನಗುತ್ತಾನೆ,
ಬೇರೆಯವರು ನಕ್ಕ ಒಂದು ಕ್ಷಣ ತಡವಾಗಿ.
ಪ್ರಗತಿಪತ್ರದಲ್ಲಿ ನಾನೇ ಬರೆದಿದ್ದೇನೆ:
ಗಮನ ಸಾಲದು.

ಮಧ್ಯಾಹ್ನ ಓಥ್ನಿಯಲ್ ಅಜ್ಜ ಬಂದ,
ಹೆಗಲ ಮೇಲೆ ದೋಣಿಯ ಹುಟ್ಟು.
"ಪೆಟ್ಟಿಗೆ ಮುಚ್ಚು ಮಗಳೇ, ಮಂಜು ಬಾಯಿ ಬಿಟ್ಟಿದೆ."
ಕರಡಿ ಬಂದರೆಂದು ಕೋವಿ ಹಿಡಿದ ಅವನ ಮಗ ಮುಂದೆ,
ನಡುವೆ ಮಕ್ಕಳ ಸಾಲು, ಹಿಂದೆ ನಾನು,
ಹೆಪ್ಪುಗಟ್ಟಿದ ಕಡಲ ಮೇಲೆ
ಕಪ್ಪು ನೀರಿನ ಸೀಳಿನವರೆಗೆ.

ಅಲ್ಲಿ ಏನೂ ಇಲ್ಲ. ಗಾಳಿಯೂ ಇಲ್ಲ.
ಅಜ್ಜ ಮೊಣಕಾಲೂರಿ ಹುಟ್ಟಿನ ಅಲಗನ್ನು ನೀರಿಗಿಳಿಸಿದ,
ಹಿಡಿಯನ್ನು ದವಡೆಗೆ ಒತ್ತಿಕೊಂಡು
ಕಣ್ಣು ಮುಚ್ಚಿದ.
"ಉಗ್ರುಕ್" ಎಂದ. ಗಡ್ಡದ ಸೀಲು. ಗಂಡು.
"ಹೆಣ್ಣನ್ನು ಕರೀತಿದಾನೆ. ದೂರ ಇದಾನೆ."

ಸರದಿಯ ಮೇಲೆ ಒಬ್ಬೊಬ್ಬರೂ.
ಡಾರ್ಕಸ್‌ಗೆ ತನ್ನ ಹಲ್ಲು ಕಟಕಟಿಸುವುದಷ್ಟೇ ಕೇಳಿತು.
ಮೈಕಾಗೆ ಏನೂ ಇಲ್ಲ, ಆದರೂ ಕೇಳಿತು ಎಂದ.
ಸುವ್ಲು ಕಿವಿಗೆ ಹಿಡಿಯಲು ಹೋದ.
ಅಜ್ಜ ತಡೆದು, ಅವನ ಟೋಪಿ ಸರಿಸಿ,
ಕಿವಿಯ ಹಿಂದಿನ ಗಟ್ಟಿ ಮೂಳೆಗೆ
ಹಿಡಿಯನ್ನು ತಂದಿಟ್ಟ.

ಆಮೇಲೆ ಹುಡುಗ ಅಲ್ಲಾಡಲಿಲ್ಲ.
ಮೈಕಾ ಇನ್ನೊಂದು ಸರದಿ ಕೇಳಿದ, ಕೊಡಲಿಲ್ಲ.
ಬಲಗೈ ತಾನಾಗಿ ಮೇಲೆದ್ದು
ಬಯಲಲ್ಲಿ ಸುತ್ತುತ್ತ ಸುತ್ತುತ್ತ
ಇಳಿಯಿತು, ಇನ್ನೂ ಇಳಿಯಿತು,
ಮಂಜಿಗೆ ತಾಗುವಲ್ಲಿ ನರಳಿದ ಹಾಗೆ ನಡುಗಿ ನಿಂತಿತು.
ಮತ್ತೆ ಮೇಲಿನಿಂದ.
ಅಜ್ಜ ನನ್ನ ಕಡೆ ತಿರುಗಿ "ಸರಿಯಾಗಿದೆ" ಎಂದ,
ಪರೀಕ್ಷೆ ನನ್ನದೆಂಬಂತೆ.

ತರಗತಿಗೆ ಮರಳಿದಾಗ ಹಲಗೆಯ ಮೇಲೆ
ನಾನು ಬರೆದ ಅಲೆ ಹಾಗೇ ಇತ್ತು,
ಏರು ಇಳಿ, ಏರು ಇಳಿ, ಎಲ್ಲ ಒಂದೇ ಅಳತೆ.
ಸುವ್ಲು ಯಾರನ್ನೂ ಕೇಳದೆ ಹೋಗಿ ತೋಳಿನಿಂದ ಒರೆಸಿದ.
ತನ್ನದು ಬರೆದ: ಮೊದಲು ಒತ್ತೊತ್ತಾಗಿ,
ಬರುಬರುತ್ತ ಅಗಲಗಲವಾಗಿ,
ಹಲಗೆ ಮುಗಿದ ಮೇಲೆ ಗೋಡೆಗೂ ಸ್ವಲ್ಪ.

ರಾತ್ರಿ, ಎಂದರೆ ಬಿಸಿಲಿರುವ ಹನ್ನೊಂದು ಗಂಟೆ,
ಎರಡೂ ಕಿವಿಗೆ ಹತ್ತಿ ತುರುಕಿ
ಮರದ ಸೌಟಿನ ಒಂದು ತುದಿ ಹಲ್ಲಲ್ಲಿ ಕಚ್ಚಿ
ಇನ್ನೊಂದನ್ನು ಫ್ರಿಜ್ಜಿಗೆ ತಾಗಿಸಿ ಕೂತೆ.
ಗುಂಯ್ ಎನ್ನುವುದರ ಕೆಳಗೆ ಇನ್ನೊಂದು ಗುಂಯ್,
ಅದರ ಕೆಳಗೆ ಏನೋ ತಟ್ಟುತ್ತಿದೆ, ಬಿಟ್ಟು ಬಿಟ್ಟು.
ಪ್ರಗತಿಪತ್ರ ಮೇಜಿನ ಮೇಲಿದೆ.
ಪೆನ್ನು ಸಿಗುತ್ತಿಲ್ಲ.